ವ್ಯಾಕರಣದ ಬೀಗರು

ತನಗೆ ಒಂದು ವಿಷಯ ಗೊತ್ತಿಲ್ಲ ಎಂದು ನಾಲ್ಕು ಜನರನ್ನು ನಂಬಿಸುವುದು ಎಂಥ ಕಡುಕಷ್ಟದ ಕೆಲಸ ಎಂದು ತಿಳಿಯಬೇಕಾದರೆ ನಮ್ಮ ನೆರೆಮನೆಯ ನುಕಾದಾ ಶಿಗೆಯೊಶಿ ಅವರನ್ನು ಕೇಳಬೇಕು. ಗೊತ್ತಿದೆ ಎಂದು ನಂಬಿಸುವುದಕ್ಕೆ ಏನು ಮಹಾ ಬೇಕು? ಒಂದು ಕನ್ನಡಕ, ಆಗಾಗ ಒಂದು ನಿಟ್ಟುಸಿರು, ಅಷ್ಟೇ. ಗೊತ್ತಿಲ್ಲ ಎಂದು ನಂಬಿಸುವುದಕ್ಕೆ ಎಂಟೆದೆ ಬೇಕು.

ನಾನು ಇವಾತ್ಸು ಪಟ್ಟಣದ ಮೀನುಪೇಟೆ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟುಕೊಂಡವನು, ಹೆಸರು ಸೆಗಾವಾ. ಬೀದಿಯ ಗಂಡಸರ ತಲೆಗಳೆಲ್ಲ ನನ್ನ ಕೈಯ ಕೆಳಗೆ ಬಾಗಿದವೇ. ಯಾವ ತಲೆಯೊಳಗೆ ಎಷ್ಟಿದೆ ಎಂಬ ಅಂದಾಜು ನನಗಿರುವಷ್ಟು ಡಾಕ್ಟರಿಗೂ ಇಲ್ಲ. ನುಕಾದಾ ಅವರದು ಒಳ್ಳೆಯ ತಲೆ. ಅದರೊಳಗೆ ಬಸ್ಸಿನ ದಾರಿಗಳಿದ್ದವು, ಊಟದ ಯೋಚನೆ ಇತ್ತು, ಮಗಳ ಚಿಂತೆ ಇತ್ತು. ವ್ಯಾಕರಣ ಮಾತ್ರ ಇರಲಿಲ್ಲ.

ಆಯುಷ್ಯವೆಲ್ಲ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ ಅವರು. ನಮ್ಮಲ್ಲಿ ಬಸ್ಸಿನವರಿಗೆ ಒಂದು ಶಿಸ್ತು ಕಲಿಸಿರುತ್ತಾರೆ: ಏನು ಮಾಡುವ ಮೊದಲೂ ಬೆರಳು ತೋರಿಸಿ ಗಟ್ಟಿಯಾಗಿ ಹೇಳಬೇಕು, ‘ಬಾಗಿಲು, ಸರಿ! ಎಡಗಡೆ, ಸರಿ!’ ಎಂದು. ಬಸ್ಸು ಬಿಟ್ಟರೂ ಅವರನ್ನು ಆ ಅಭ್ಯಾಸ ಬಿಟ್ಟಿರಲಿಲ್ಲ. ನನ್ನ ಅಂಗಡಿಗೆ ಬಂದರೆ ‘ಕುರ್ಚಿ, ಸರಿ! ಕತ್ತರಿ, ಸರಿ!’ ಎಂದು ಘೋಷಿಸಿಯೇ ಕೂರುತ್ತಿದ್ದರು. ನನಗೇನೂ ಬೇಜಾರಿಲ್ಲ, ಆದರೆ ಉಳಿದ ಗಿರಾಕಿಗಳು ನನ್ನ ಕತ್ತರಿಯನ್ನು ಅನುಮಾನದಿಂದ ನೋಡತೊಡಗಿದ್ದರು.

ಕಥೆ ಶುರುವಾದದ್ದು ಚಳಿಗಾಲದ ಎಲೆಕೋಸನ್ನು ಉಪ್ಪಿನಲ್ಲಿ ಹಾಕುವ ಕಾಲದಲ್ಲಿ. ನುಕಾದಾ ಅವರ ಹೆಂಡತಿ ಫುಸಾಯೆ ದೊಡ್ಡ ತೊಟ್ಟಿಯಲ್ಲಿ ಎಲೆಕೋಸು ಜೋಡಿಸಿ, ಉಪ್ಪು ಉದುರಿಸಿ, ಮೇಲೆ ಹೇರುವುದಕ್ಕೆ ಕಲ್ಲು ಹುಡುಕಿದರೆ ಕಲ್ಲೇ ಇಲ್ಲ. ಅದನ್ನು ಗಂಡ ಹಿತ್ತಲ ಬಾಗಿಲಿಗೆ ಒತ್ತುಕೊಡಲು ಹೋಗಿ ಎರಡು ಹೋಳು ಮಾಡಿದ್ದರು.

“ರೀ, ಎಲ್ಲಿಂದಾದ್ರೂ ಸರಿ, ಒಂದು ಭಾರ ತನ್ನಿ. ಇಲ್ದಿದ್ರೆ ನೀವೇ ಬಂದು ತೊಟ್ಟಿ ಮೇಲೆ ಕೂತ್ಕೊಳಿ” ಎಂದರು ಫುಸಾಯೆ.

ಅಂದು ಬೀದಿ ಸಂಘದವರು ಹಳೆ ಕಾಗದ ಒಯ್ಯುವ ದಿನ. ಬೀದಿಯ ಮೂಲೆಯಲ್ಲಿ ಪತ್ರಿಕೆ, ಪುಸ್ತಕಗಳ ಕಟ್ಟುಗಳನ್ನು ಜೋಡಿಸಿಟ್ಟಿದ್ದರು. ಒಂದು ಕಟ್ಟಿನ ಮೇಲೆ ಇಟ್ಟಿಗೆಗಿಂತ ದಪ್ಪನೆಯ ಪುಸ್ತಕವೊಂದು ಕೂತಿತ್ತು. ನುಕಾದಾ ಅದನ್ನು ಎತ್ತಿ ನೋಡಿದರು. “ಅಗಲ, ಸರಿ! ಭಾರ, ಸರಿ!” ಎಂದು ಬೆರಳು ತೋರಿಸಿ ಕಂಕುಳಿಗೆ ಸೇರಿಸಿದರು.

ಕಟ್ಟುಗಳ ಹಿಂದಿನಿಂದ ನನ್ನ ಹೆಂಡತಿ ತಮಾಯೆ ಎದ್ದು ನಿಂತಳು.

ಬೀದಿ ಸಂಘದ ಯಜಮಾನಿಕೆ ನಮ್ಮಲ್ಲಿ ಸರದಿಯಂತೆ ಮನೆಮನೆಗೆ ಬರುತ್ತದೆ. ಉಳಿದವರು ಅದನ್ನು ತಲೆನೋವು ಎಂದುಕೊಳ್ಳುತ್ತಾರೆ, ನನ್ನ ಹೆಂಡತಿ ಅದನ್ನು ಸಿಂಹಾಸನ ಎಂದುಕೊಂಡಿದ್ದಳು. ಯಾರು ಯಾವ ಕಸ ಯಾವ ದಿನ ಹಾಕುತ್ತಾರೆ ಎಂದು ಕಾಯುತ್ತಾ ಕುಕ್ಕರಗಾಲಲ್ಲಿ ಕೂತವಳು, ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಿದಳು: “‘ಕ್ರಿಯಾಪದ ನಾಮಪದ ಸಂಯೋಗ: ಒಂದು ಸಮಗ್ರ ಮೀಮಾಂಸೆ.’ ಅಯ್ಯಪ್ಪಾ! ನುಕಾದಾ ಅವ್ರೇ, ಇದನ್ನ ನೀವು ಓದ್ತೀರಾ?”

ಎಲೆಕೋಸಿಗೆ ಎಂದು ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಘದ ಕಾಗದವನ್ನು ಸಂಘದ ಯಜಮಾನಿಯ ಕಣ್ಣೆದುರೇ ಎತ್ತಿದವನು ಹಾಗೆ ಹೇಳುವುದು ಹೇಗೆ? ಜೊತೆಗೆ, ನಿವೃತ್ತರಾದ ಮೇಲೆ ಯಾರೂ ಅವರನ್ನು ಅಷ್ಟು ಗೌರವದಿಂದ ಏನನ್ನೂ ಕೇಳಿರಲಿಲ್ಲ. ನುಕಾದಾ ಗಂಟಲು ಸರಿಮಾಡಿಕೊಂಡು, “ಹ್ಞೂ... ಒಂಚೂರು” ಎಂದರು.

‘ಒಂಚೂರು’ ಎಂಬುದು ನಮ್ಮ ಬೀದಿಯಲ್ಲಿ ಸಣ್ಣ ಮಾತಲ್ಲ. ಎದುರುಮನೆಯ ಅಜ್ಜ ‘ಒಂಚೂರು ಚದುರಂಗ ಆಡ್ತೀನಿ’ ಎನ್ನುತ್ತಾನೆ, ಜಿಲ್ಲೆಯಲ್ಲಿ ಅವನನ್ನು ಸೋಲಿಸಿದವರಿಲ್ಲ. ನನ್ನ ಹೆಂಡತಿಯ ಸಾರನ್ನು ಹೊಗಳಿದರೆ ‘ಅಯ್ಯೋ, ಅದು ನಾಯಿನೂ ಮೂಸದ ಸಾರು’ ಎನ್ನುತ್ತಾಳೆ. ಹೌದು ಎಂದು ಒಪ್ಪಿದವನು ಮತ್ತೆ ನಮ್ಮ ಹೊಸ್ತಿಲು ತುಳಿಯುವ ಹಾಗಿಲ್ಲ. ಬರುತ್ತದೆ ಎಂದವನಿಗೆ ಏನೂ ಬರುವುದಿಲ್ಲ, ಬರುವುದಿಲ್ಲ ಎಂದವನು ಮೇಷ್ಟ್ರು. ನಮ್ಮಲ್ಲಿ ಮಕ್ಕಳು ನಡೆಯಲು ಕಲಿಯುವ ಮೊದಲೇ ಇದನ್ನು ಕಲಿಯುತ್ತಾರೆ.

ಸಂಜೆಯೊಳಗೆ ಇಡೀ ಮೀನುಪೇಟೆ ಬೀದಿಗೆ ವಿಷಯ ಮುಟ್ಟಿತು. ತಮಾಯೆ ಹೇಳಿದ್ದು ಎರಡೇ ಮನೆಗೆ. ಆದರೆ ಅವೆರಡು ಮನೆಗಳನ್ನು ಆರಿಸುವುದರಲ್ಲಿ ಅವಳ ಜಾಣ್ಮೆ ಇದೆ.

ಮಾರನೆಯ ದಿನ ಮೀನಂಗಡಿಯಾಕೆ ನುಕಾದಾ ಅವರನ್ನು ತಡೆದು, “ಮೇಷ್ಟ್ರೇ, ‘ತಾಜಾ ಮೀನು ಇದೆ’ ಅಂತ ಬರೀಲಾ, ‘ಇರುವ ಮೀನು ತಾಜಾ’ ಅಂತ ಬರೀಲಾ?” ಎಂದು ಕೇಳಿದಳು.

“ನಂಗೇನಮ್ಮ ಗೊತ್ತು? ನಾನು ಬಸ್ಸು ಓಡಿಸ್ಕೊಂಡಿದ್ದೋನು.”

“ನೋಡಿದ್ರಾ!” ಎಂದಳು ಅವಳು ಪಕ್ಕದಲ್ಲಿದ್ದವರಿಗೆ. “ಬಸ್ಸು ಓಡಿಸ್ತಾನೇ ಓದ್ಕೊಂಡಿದಾರೆ. ಒಂದ್ ದಿನಾನಾದ್ರೂ ತೋರಿಸ್ಕೊಂಡ್ರಾ?”

ಇಷ್ಟಕ್ಕೇ ನಿಂತಿದ್ದರೆ ಒಂದೆರಡು ವಾರದಲ್ಲಿ ಬೀದಿ ಮರೆಯುತ್ತಿತ್ತು. ಆದರೆ ಆ ಪುಸ್ತಕ ಬರೆದವರು ಮುನಕಾತಾ ಎಂಬ ಪ್ರೊಫೆಸರು. ಇಲ್ಲಿ ನುಕಾದಾ ಅವರ ಮಗಳ ವಿಷಯ ಹೇಳಬೇಕು.

ಮಗಳು ಕನಾಯೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅದೇ ಆಸ್ಪತ್ರೆಗೆ ಕಟ್ಟು ಹಲ್ಲು ಮಾಡಿಕೊಡುವ ಸೋಹೆಯ್ ಎಂಬ ಹುಡುಗನಿಗೂ ಇವಳಿಗೂ ಮನಸ್ಸು ಕೂಡಿತ್ತು. ವಯಸ್ಸಿಗೆ ಬಂದವರು, ಹೋಗಿ ಮದುವೆಯಾಗಬಹುದಿತ್ತು. ಆದರೆ ಸೋಹೆಯ್ ಒಬ್ಬನೇ ಮಗ. ಅಮ್ಮ ಮನಸಾರೆ ಹ್ಞೂ ಅನ್ನದೆ ಮದುವೆ ಬೇಡ ಎಂದು ಇಬ್ಬರೂ ಹಠ ಹಿಡಿದಿದ್ದರು. ಅಮ್ಮನೋ, ಕೇಳಿದಾಗಲೆಲ್ಲ “ಯೋಚನೆ ಮಾಡಿ ಹೇಳ್ತೀನಿ” ಎನ್ನುತ್ತಿದ್ದರು. ನಮ್ಮ ಕಡೆ ಅದರ ಅರ್ಥ ‘ಆಗಲ್ಲ’ ಎಂದು. ಯಾಕೆ ಆಗಲ್ಲ ಎಂಬುದು ಯಾರಿಗೂ ತಿಳಿದಿರಲಿಲ್ಲ. ವರ್ಷ ಉರುಳಿತು, ಇನ್ನೊಂದು ಉರುಳಿತು. ಕನಾಯೆ ನಗುವುದನ್ನೇ ಕಡಿಮೆ ಮಾಡಿದಳು. ಮಗಳ ಮುಖ ನೋಡಿ ನೋಡಿ ನುಕಾದಾ ಅವರ ಕೂದಲು ಉದುರುತ್ತಿದ್ದದ್ದು ನನ್ನ ಕಣ್ಣೆದುರಿನ ಮಾತು. ಆ ಹುಡುಗ ಸೋಹೆಯ್‌ನ ಅಪ್ಪನೇ ಈ ಪ್ರೊಫೆಸರ್ ಮುನಕಾತಾ.

ಕನಾಯೆ ಒಂದು ಸಂಜೆ ಅಡುಗೆಮನೆಗೆ ಹೋಗಿ ತೊಟ್ಟಿಯ ಮೇಲಿದ್ದದ್ದನ್ನು ನೋಡಿ ಚೀರಿದಳು. ಗೋಡೆ ತೆಳು, ನಮಗೂ ಕೇಳಿಸಿತು.

“ಅಪ್ಪಾ! ಇದು ಸೋಹೆಯ್ ಅವರಪ್ಪ ಬರೆದ ಪುಸ್ತಕ! ಅವರಿಗೆ ಯಾರೋ ಫೋನ್ ಮಾಡಿ, ನೀವು ಇದನ್ನ ಹಗಲೂ ರಾತ್ರಿ ಓದ್ತೀರಿ ಅಂತ ಹೇಳಿದಾರಂತೆ. ಅವರು ಕುಣಿದಾಡ್ತಿದಾರಂತೆ. ಎರಡೂ ಮನೆಯವರು ಕೂತು ಊಟ ಮಾಡೋಣ ಅಂತ ಅವರೇ ದಿನ ಗೊತ್ತು ಮಾಡಿದಾರೆ! ಅಪ್ಪಾ, ನೀವು ಓದಿದೀರಾ?”

“ನಾನಿಲ್ಲಮ್ಮ” ಎಂದರು ನುಕಾದಾ ದೀನವಾಗಿ. “ಎಲೆಕೋಸು ಓದ್ತಾ ಇದೆ.”

ಫೋನ್ ಮಾಡಿದ್ದು ಯಾರು ಎಂದು ನಾನು ಮನೆಯಲ್ಲಿ ಕೇಳಲಿಲ್ಲ. ತಮಾಯೆ ತಾನಾಗಿಯೇ, “ಸಂಘದ ಯಜಮಾನಿ ಅಂದ್ಮೇಲೆ ಇಷ್ಟಾದ್ರೂ ಮಾಡ್ಬೇಡ್ವಾ? ಮಾತುಕತೆಗೆ ಮಧ್ಯಸ್ಥರಾಗಿ ನಾವೇ ಹೋಗ್ಬೇಕು, ಗಂಡ ಹೆಂಡತಿ ಇಬ್ಬರೂ. ಕಪ್ಪು ಕೋಟು ಇಸ್ತ್ರಿ ಮಾಡಿಸಿ” ಎಂದಳು.

ನುಕಾದಾ ಮೊದಲು ನಿಜ ಹೇಳಿಬಿಡುವುದೆಂದು ತೀರ್ಮಾನಿಸಿದರು. ಅವರು ತೀರ್ಮಾನಿಸಿದರೆಂದರೆ ಬಸ್ಸು ಹೊರಟ ಹಾಗೆಯೇ, ಮುಂದಿನ ನಿಲ್ದಾಣದವರೆಗೆ ಯಾರೂ ತಡೆಯುವ ಹಾಗಿಲ್ಲ. “ಫೋನು, ಸರಿ! ನಂಬರು, ಸರಿ!” ಎಂದು ಬೆರಳು ತೋರಿಸಿ ಪ್ರೊಫೆಸರಿಗೆ ಫೋನ್ ಮಾಡಿದರು. ಧೈರ್ಯಕ್ಕೆ ಇರಲಿ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಪ್ರೊಫೆಸರ ಗಂಟಲು ಎಷ್ಟು ಗಟ್ಟಿ ಎಂದರೆ ಪಕ್ಕದ ಕೋಣೆಯಲ್ಲಿದ್ದರೂ ಕೇಳಿಸುತ್ತಿತ್ತು.

“ಮೇಷ್ಟ್ರೇ, ಕ್ಷಮಿಸ್ಬೇಕು. ನಂಗೆ ವ್ಯಾಕರಣ ಅಂದ್ರೆ ಏನೂ ಗೊತ್ತಿಲ್ಲ.”

“ಆಹಾ! ಅದರಲ್ಲೇ ಮುಳುಗಿರೋ ನಂಗೇ ಏನೂ ಗೊತ್ತಿಲ್ಲ ಸ್ವಾಮಿ! ಗೊತ್ತಿಲ್ಲ ಅನ್ನೋದು ಗೊತ್ತಾಗೋಕೇ ಒಂದು ಜನ್ಮ ಬೇಕು!”

“ಹಾಗಲ್ಲ ಮೇಷ್ಟ್ರೇ, ನಾನು ಆ ಪುಸ್ತಕ ಓದೇ ಇಲ್ಲ.”

“ನಿಜ, ನಿಜ! ಅಂಥ ಪುಸ್ತಕ ‘ಓದಿದೆ’ ಅನ್ನೋಕಾಗಲ್ಲ. ಓದ್ತಾ ಇರಬೇಕು ಅಷ್ಟೇ!”

ನುಕಾದಾ ನನ್ನನ್ನು ನೋಡಿದರು. ನಾನು, ಇನ್ನೂ ಬಿಡಿಸಿ ಹೇಳಿ ಎಂದು ಕೈಸನ್ನೆ ಮಾಡಿದೆ.

“ಮೇಷ್ಟ್ರೇ, ಅದನ್ನ ನಾನು ಎಲೆಕೋಸಿನ ಮೇಲೆ ಭಾರ ಹೇರೋಕೆ ಇಟ್ಕೊಂಡಿದೀನಿ!”

ಆ ಕಡೆಯಿಂದ ಎಂಥ ನಗು! ನುಕಾದಾ ಫೋನನ್ನು ಕಿವಿಯಿಂದ ದೂರ ಹಿಡಿದರು.

“ನಾನು ಯಾವಾಗ್ಲೂ ಹೇಳ್ತೀನಿ, ನನ್ನ ಪುಸ್ತಕ ಅದಕ್ಕೇ ಲಾಯಕ್ಕು ಅಂತ! ಆದರೆ ಅದನ್ನ ಇಷ್ಟು ರಸವತ್ತಾಗಿ ಹೇಳಿದೋರು ನೀವೇ ಮೊದಲು! ಎಂಥ ಬೀಗರು ಸಿಕ್ಕಿದ್ರಪ್ಪಾ ನಂಗೆ!”

ಫೋನ್ ಇಟ್ಟು ನುಕಾದಾ ನನ್ನ ಕಡೆ ತಿರುಗಿದರು. “ಸೆಗಾವಾ, ನಿಜ ಹೇಳಿದ್ದಾಯ್ತು. ಇನ್ನು ಅದನ್ನ ಸುಳ್ಳು ಮಾಡೋದೊಂದೇ ದಾರಿ. ಓದಿಬಿಡ್ತೀನಿ” ಎಂದರು.

“ಅಷ್ಟು ದಪ್ಪದ ಪುಸ್ತಕಾನಾ?”

“ಮಗಳ ಮದುವೆ ಕಣಯ್ಯಾ. ಅದರ ಎರಡರಷ್ಟಿದ್ರೂ ಓದ್ತೀನಿ.”

ಅಂದಿನಿಂದ ನುಕಾದಾ ಅವರ ಮನೆಯ ಎಲೆಕೋಸಿನ ಮೇಲೆ ಟೀವಿ ಕೂತಿತು, ಊಟದ ಮೇಜಿನ ಮೇಲೆ ಪುಸ್ತಕ ಕೂತಿತು. ಉಪ್ಪುನೀರು ಕುಡಿದು ಹಾಳೆಗಳು ಉಬ್ಬಿದ್ದವು, ಕೆಲವು ಒಂದಕ್ಕೊಂದು ಹತ್ತಿಕೊಂಡಿದ್ದವು. ಪುಟ ತಿರುವಿದರೆ ಹಸಿವಾಗುವಂಥ ವಾಸನೆ. ಅದರ ನಡುವೆ ಅವರು ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. “ನಾಮಪದ, ಸರಿ! ಕ್ರಿಯಾಪದ, ಸರಿ!” ಎಂಬ ಕೂಗು ಬೆಳಗಿನಿಂದ ನಮ್ಮ ಗೋಡೆಯಾಚೆ ಕೇಳುತ್ತಿತ್ತು.

ಹೆಂಡತಿಗೆ ಪಾಠವಾಯಿತು. “ಫುಸಾಯೆ, ಕೇಳಿಲ್ಲಿ. ಯಾವ ನಾಮಪದದ ಹಿಂದೆ ಬೇಕಾದ್ರೂ ‘ಮಾಡು’ ಅಂತ ಸಿಕ್ಕಿಸು, ಅದು ಹೊರಟುಬಿಡತ್ತೆ! ಊಟ ಮಾಡು, ಜಗಳ ಮಾಡು, ಮದುವೆ ಮಾಡು. ಎಲ್ಲ ಗಾಡಿಗೂ ಒಂದೇ ಎಂಜಿನ್ನು! ಇಷ್ಟು ವರ್ಷ ಮಾತಾಡಿದೀನಿ, ಗೊತ್ತೇ ಇರಲಿಲ್ಲ.”

“ಹೌದಾ? ಹಾಗಾದ್ರೆ ‘ಪಾತ್ರೆ’ ಅನ್ನೋದರ ಹಿಂದೆ ‘ತೊಳಿ’ ಅಂತ ಸಿಕ್ಕಿಸಿ. ಹೊರಡತ್ತಾ ನೋಡೋಣ” ಎಂದರು ಫುಸಾಯೆ.

ಇಷ್ಟಾದರೂ ಸಹಿಸಬಹುದಿತ್ತು. ಮುಂದಿನ ಅಧ್ಯಾಯದಲ್ಲಿ, ಕ್ರಿಯಾಪದವನ್ನು ನಾಮಪದದ ಮುಂದೆ ತಂದು ನಿಲ್ಲಿಸಿ ಅದನ್ನು ಬಣ್ಣಿಸಬಹುದು, ಹಾಗೆ ಎಷ್ಟು ಬೇಕಾದರೂ ಸಾಲಾಗಿ ನಿಲ್ಲಿಸಬಹುದು, ಮಿತಿಯೇ ಇಲ್ಲ ಎಂದು ಪ್ರೊಫೆಸರು ಬರೆದಿದ್ದರು. ಮಿತಿಯಿಲ್ಲ ಎಂಬುದನ್ನು ನುಕಾದಾ ಅಪ್ಪಣೆಯೆಂದು ತಿಳಿದರು. ಮಾರನೆಯ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಕುರ್ಚಿಗೂ ಕತ್ತರಿಗೂ ಬೆರಳು ತೋರಿಸಿ, ಕೂತು ಹೇಳತೊಡಗಿದರು:

“ನಿನ್ನೆ ನಮ್ಮ ಹಿತ್ತಲಿಗೆ ನುಗ್ಗಿದ, ಒಣಹಾಕಿದ್ದ ಮೀನನ್ನು ಕದ್ದ, ಪೊರಕೆ ತೋರಿಸಿದರೂ ಹೆದರದ, ಬೇಲಿಯ ಮೇಲೆ ಕೂತು ನನ್ನನ್ನೇ ದಿಟ್ಟಿಸಿದ, ಒಂದು ಕಿವಿ ಹರಿದ, ಮೀನಂಗಡಿಯವರು ಸಾಕಿ ಕೈಬಿಟ್ಟ...”

ನಾನು ಕತ್ತರಿ ಹಿಡಿದು ಕಾದೆ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಬಳಿದುಕೊಂಡಿದ್ದ ಅಕ್ಕಿ ವ್ಯಾಪಾರಿ ಎದ್ದೇ ಕೂತ. “ಯಾರ್ರೀ ಅದು? ಪೊಲೀಸರಿಗೆ ಹೇಳಿದ್ರಾ?”

“ತಾಳ್ರೀ, ನಾಮಪದ ಇನ್ನೂ ಬಂದಿಲ್ಲ. ...ಕೈಬಿಟ್ಟ, ಹಾಗಾಗಿ ಊರೆಲ್ಲ ಅಲೆಯುವ ಬೆಕ್ಕು!”

“ಬೆಕ್ಕಾ! ಸರಿ, ಬೆಕ್ಕು ಏನ್ ಮಾಡ್ತು?”

“ಏನೂ ಮಾಡ್ಲಿಲ್ಲ. ಮಾಡೋದೆಲ್ಲ ನಾಮಪದಕ್ಕೆ ಮುಂಚೇನೇ ಮಾಡಿ ಮುಗಿಸಿಬಿಡ್ತಲ್ಲ” ಎಂದರು ನುಕಾದಾ, ಬಹಳ ತೃಪ್ತಿಯಿಂದ.

ಅಕ್ಕಿ ವ್ಯಾಪಾರಿ ಅರ್ಧ ಗಡ್ಡದಲ್ಲೇ ಎದ್ದು ಹೋದ. ಬೀದಿಯವರು ಮಾತ್ರ, ಮೇಷ್ಟ್ರ ಮಾತು ಅರ್ಥವಾಗದಷ್ಟು ಆಳಕ್ಕೆ ಹೋಗಿದೆ ಎಂದು ಕೊಂಡಾಡಿದರು.

ಊಟದ ದಿನ ಬಂತು. ಬಂದರಿನ ಹತ್ತಿರದ ಹೋಟೆಲಿನ ಮಹಡಿಯ ಕೋಣೆ, ಚಾಪೆಯ ಮೇಲೆ ಮಂಡಿಯೂರಿ ಎರಡು ಸಾಲು. ಈ ಕಡೆ ನುಕಾದಾ, ಫುಸಾಯೆ, ಕನಾಯೆ. ಆ ಕಡೆ ಪ್ರೊಫೆಸರ್ ಮುನಕಾತಾ, ಅವರ ಹೆಂಡತಿ ಇಕುಯೊ, ಹುಡುಗ ಸೋಹೆಯ್. ಬದಿಯಲ್ಲಿ ಮಧ್ಯಸ್ಥರಾದ ನಾವು. ಎಲ್ಲರ ಮುಂದೆಯೂ ಶುಭಕಾರ್ಯಕ್ಕೆಂದೇ ಬಾಲ ಎತ್ತಿ ಸುಟ್ಟ ಇಡಿಯ ಕೆಂಪು ಮೀನು.

ಮೊದಲು ಮರ್ಯಾದೆಯ ಮಾತುಗಳಾದವು.

“ನಮ್ಮ ಹುಡುಗಿಗೆ ಏನೂ ಬರಲ್ಲ. ಅನ್ನ ಮಾಡಿದ್ರೆ ಗಂಜಿ ಆಗತ್ತೆ” ಎಂದರು ಫುಸಾಯೆ ತಲೆಬಾಗಿ.

“ಎಲ್ಲಾದ್ರೂ ಉಂಟೇ! ನಮ್ಮ ಹುಡುಗನೇ ಶುದ್ಧ ದಡ್ಡ. ಜನರ ಹಲ್ಲು ಕಟ್ತಾನೆ, ತನ್ನ ಷರ್ಟಿನ ಗುಂಡಿ ಕಟ್ಟೋಕೆ ಬರಲ್ಲ” ಎಂದರು ಇಕುಯೊ ಇನ್ನೂ ತಗ್ಗಿ ಬಾಗಿ.

ಹೀಗೆ ಎರಡೂ ಕಡೆಯವರು ತಮ್ಮ ತಮ್ಮ ಮಕ್ಕಳನ್ನು ಚೆನ್ನಾಗಿ ಬೈದು ಮುಗಿಸಿದ ಮೇಲೆ ಮನಸ್ಸು ಹಗುರವಾಯಿತು. ಸಂಬಂಧ ಕುದುರುವ ಲಕ್ಷಣ ಕಂಡು ತಮಾಯೆ ನನ್ನ ತೊಡೆಗೆ ಚಿವುಟಿದಳು. ಆಗ ಪ್ರೊಫೆಸರು ಚಾಪೆಯ ಮೇಲೆ ಮುಂದಕ್ಕೆ ಸರಿದರು. ಸಣ್ಣ ಆಳು, ಕಣ್ಣು ಮಾತ್ರ ಮಿಣಮಿಣ. ಪಾಪ, ಅವರ ಪುಸ್ತಕ ಓದಿದವರೊಬ್ಬರನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

“ಬೀಗರೇ, ಒಂದೇ ಒಂದು ಮಾತು. ಒಂಬತ್ತನೇ ಅಧ್ಯಾಯ ನಿಮಗೆ ಹೇಗನ್ನಿಸ್ತು?”

ನುಕಾದಾ ಬೆವರಿದರು. ಉಪ್ಪುನೀರಿಗೆ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಅದೇ ಅಧ್ಯಾಯ. “ಅದು ನನ್ನ ಕೈಲಿ ಬಿಡಿಸೋಕಾಗ್ಲಿಲ್ಲ ಮೇಷ್ಟ್ರೇ. ಪೂರಾ ಅಂಟ್ಕೊಂಡುಬಿಟ್ಟಿದೆ.”

ಪ್ರೊಫೆಸರು ತೊಡೆ ತಟ್ಟಿದರು. “ಅದೇ! ಅದೇ ನನ್ನ ವಾದ! ಅಲ್ಲಿ ಕ್ರಿಯಾಪದ, ನಾಮಪದ ಅಂಟ್ಕೊಂಡ್ಮೇಲೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ! ದೊಡ್ಡ ದೊಡ್ಡ ವಿಮರ್ಶಕರಿಗೆ ಹೊಳೀಲಿಲ್ಲ. ಒಂದೇ ಮಾತಲ್ಲಿ ಹೇಳಿಬಿಟ್ರಿ!”

“ಇಲ್ಲ ಮೇಷ್ಟ್ರೇ, ನಂಗೆ ನಿಜವಾಗ್ಲೂ ಏನೂ...”

“ಕೇಳಿದ್ಯಾ ಇಕುಯೊ? ‘ಏನೂ ಗೊತ್ತಿಲ್ಲ’ ಅಂತಾರೆ!”

ಇಕುಯೊ ನಕ್ಕರು. ನಗು ತುಟಿಯಲ್ಲಿತ್ತು, ಕಣ್ಣಿಗೆ ಬಂದಿರಲಿಲ್ಲ. “ನಮ್ಮನೇಲೂ ಇದೇನೇ ನೋಡಿ” ಎಂದರು ಫುಸಾಯೆಯ ಕಡೆ ತಿರುಗಿ. “ಊಟಕ್ಕೆ ಕೂತು ‘ಸ್ವಲ್ಪ ಸಾರು ಕೊಡಿ’ ಅಂತೀನಿ. ಸಾರು ಬರಲ್ಲ, ‘ಕೊಡು’ ಬರತ್ತೆ. ಕೊಡು ಅನ್ನೋದು ಎಲ್ಲಿಂದ ಬಂತು, ಯಾರ ಜೊತೆ ಕೂಡತ್ತೆ, ಯಾರ ಜೊತೆ ಕೂಡಲ್ಲ. ಸಾರು ಆರಿಹೋಗತ್ತೆ. ಮದುವೆ ಆದಾಗಿಂದ ಬಿಸಿ ಸಾರು ಕುಡಿದಿದ್ದು ನೆನಪಿಲ್ಲ.”

ತಮಾಯೆ ಜೋರಾಗಿ ನಕ್ಕಳು. ಇದು ನಗುವ ಮಾತಲ್ಲ ಎಂದು ನನಗೆ ಅನ್ನಿಸಿತು. ನುಕಾದಾ ಕೂಡ ನಗಲಿಲ್ಲ, ಆಕೆಯನ್ನು ನೋಡುತ್ತಾ ಕೂತರು.

ಪ್ರೊಫೆಸರಿಗೆ ಇದಾವುದೂ ಕೇಳಿಸಿರಲಿಲ್ಲ. “ಬೀಗರೇ, ನಾನೊಂದು ನಿರ್ಧಾರ ಮಾಡಿದೀನಿ. ಮದುವೆ ಆದ್ಮೇಲೆ ಪ್ರತಿ ಭಾನುವಾರ ಎರಡೂ ಮನೆಯೋರು ನಮ್ಮನೇಲಿ ಸೇರೋಣ. ಎರಡನೇ ಸಂಪುಟ ನಾವಿಬ್ಬರೂ ಕೂಡಿ ಬರೆಯೋಣ! ಬೆಳಿಗ್ಗೆ ನಾಮಪದ, ಮಧ್ಯಾಹ್ನ ಕ್ರಿಯಾಪದ, ಸಂಜೆ ಸಂಯೋಗ! ಮೊಮ್ಮಕ್ಕಳು ತೊಟ್ಟಿಲಲ್ಲೇ ಕೇಳಿಸ್ಕೊಳ್ಳಲಿ!”

ಇಕುಯೊ ಊಟದ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟರು. ಬೆನ್ನು ನೇರ ಮಾಡಿ, ಕೈಗಳನ್ನು ಮಡಿಲಲ್ಲಿ ಜೋಡಿಸಿ, ಎಲ್ಲರಿಗೂ ಒಮ್ಮೆ ತಲೆಬಾಗಿದರು.

“ತುಂಬಾ ಸಂತೋಷ. ಯೋಚನೆ ಮಾಡಿ ಹೇಳ್ತೀವಿ.”

ಮೀನಿನ ಮೇಲೆ ಮಂಜುಗಡ್ಡೆ ಬಿದ್ದ ಹಾಗಾಯಿತು. ಸೋಹೆಯ್ ಕಣ್ಣು ಮುಚ್ಚಿಕೊಂಡ. ಕನಾಯೆ ಅಳಲಿಲ್ಲ. ಅವಳು ಮೀನಿನ ಬದಿಯಲ್ಲಿದ್ದ ಮೂಲಂಗಿ ತುರಿಯನ್ನು ಕಡ್ಡಿಯಿಂದ ಒಂದೆಡೆ ಗುಡ್ಡೆ ಮಾಡುತ್ತಿದ್ದಳು, ಮತ್ತೆ ಹರಡುತ್ತಿದ್ದಳು, ಮತ್ತೆ ಗುಡ್ಡೆ ಮಾಡುತ್ತಿದ್ದಳು. ನೋಡುವುದಕ್ಕೆ ಸಂಕಟವಾಗುತ್ತಿತ್ತು. ತಮಾಯೆಯೂ ಬಾಯಿ ಮುಚ್ಚಿದ್ದಳೆಂದರೆ ಪರಿಸ್ಥಿತಿ ಎಷ್ಟು ಗಂಭೀರ ಎಂದು ನೀವೇ ತಿಳಿಯಿರಿ.

ನುಕಾದಾ ಮಗಳನ್ನು ನೋಡಿದರು. ಇಕುಯೊ ಅವರ ಕಡೆಗೂ ನೋಡಿದರು. ಆಮೇಲೆ ಜೋಮು ಹಿಡಿದ ಕಾಲಿನ ಮೇಲೆಯೇ ಎದ್ದು ನಿಂತು, ಬಲಗೈ ಚಾಚಿ, ಮೊದಲು ಒಂದು ಸಾಲಿಗೆ, ಆಮೇಲೆ ಇನ್ನೊಂದು ಸಾಲಿಗೆ ಬೆರಳು ಮಾಡಿದರು.

“ಎಡಗಡೆ, ಸರಿ! ಬಲಗಡೆ, ಸರಿ!”

“ರೀ, ಕೂತ್ಕೊಳಿ!” ಎಂದು ಫುಸಾಯೆ ಪ್ಯಾಂಟು ಹಿಡಿದು ಜಗ್ಗಿದರು.

“ವ್ಯಾಕರಣದಲ್ಲಿ” ಎಂದು ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ದನಿಯಲ್ಲಿ ಶುರುಮಾಡಿದರು ನುಕಾದಾ, “ನನ್ನಷ್ಟು ತಿಳಿದೋನು ಈ ಜಪಾನ್ ದೇಶದಲ್ಲೇ ಇಲ್ಲ!”

ನನ್ನ ಕೈಯಲ್ಲಿದ್ದ ಸಿಗಡಿ ಮೀನು ಕೆಳಗೆ ಬಿತ್ತು. ನಾನು ಎಷ್ಟೋ ಮಾತುಕತೆಗಳಿಗೆ ಹೋಗಿದ್ದೇನೆ. ಕುಡಿದು ಬಿದ್ದವರನ್ನು ನೋಡಿದ್ದೇನೆ, ಹೊಡೆದಾಡಿದವರನ್ನೂ ನೋಡಿದ್ದೇನೆ. ತುಂಬಿದ ಸಭೆಯಲ್ಲಿ ತನ್ನನ್ನು ತಾನೇ ಹೊಗಳಿಕೊಂಡ ಮನುಷ್ಯನನ್ನು ನೋಡಿರಲಿಲ್ಲ.

“ಮೇಷ್ಟ್ರ ಪುಸ್ತಕ ನಂಗೆ ನೀರು ಕುಡಿದ ಹಾಗೆ! ಹಿಂದಿನಿಂದ ಕೇಳಿ, ಮುಂದಿನಿಂದ ಕೇಳಿ, ಹೇಳ್ತೀನಿ! ಅದರಲ್ಲಿ ಬೇಕಾದಷ್ಟು ತಪ್ಪಿವೆ, ಎಲ್ಲಾ ನಾನು ತಿದ್ದಬಲ್ಲೆ! ನಾನು ಮಹಾ ಬುದ್ಧಿವಂತ!”

“ಅಪ್ಪಾ!” ಎಂದಳು ಕನಾಯೆ.

“ಸುಮ್ನಿರಮ್ಮ. ನಾನು ಮಹಾ ಪಂಡಿತ!” ಎಂದು ಇನ್ನೊಮ್ಮೆ ಕೂಗಿದರು. ಅವರ ಕಿವಿಗಳು ತಟ್ಟೆಯಲ್ಲಿದ್ದ ಮೀನಿನಷ್ಟೇ ಕೆಂಪಾಗಿದ್ದವು.

ಪ್ರೊಫೆಸರ ಮುಖದಲ್ಲಿ ಮಿಣಮಿಣ ಮೆಲ್ಲಗೆ ಆರಿತು. ಅವರು ಸಣ್ಣ ದನಿಯಲ್ಲಿ ಕೇಳಿದರು:

“ಅಂದ್ರೆ... ನಿಮಗೆ ಏನೂ ಗೊತ್ತಿಲ್ಲ.”

“ಏನೂ ಗೊತ್ತಿಲ್ಲ ಮೇಷ್ಟ್ರೇ!” ಎಂದರು ನುಕಾದಾ. ಆ ದನಿಯಲ್ಲಿ ಎಂಥ ನೆಮ್ಮದಿ! “ಅದನ್ನೇ ಅಲ್ವಾ ಇಷ್ಟು ದಿನದಿಂದ ಹೇಳ್ತಾ ಇರೋದು!”

“ಪುಸ್ತಕ?”

“ಎಲೆಕೋಸಿನ ಮೇಲಿತ್ತು.”

“ನಿಜವಾಗ್ಲೂ ಎಲೆಕೋಸಿನ ಮೇಲೆ?”

“ಮೊದಲ ಮೂರು ಅಧ್ಯಾಯ ಓದಿದೆ ಮೇಷ್ಟ್ರೇ. ಮಗಳಿಗೋಸ್ಕರ ತಿಣುಕಿ ತಿಣುಕಿ ಓದಿದೆ. ಆ ‘ಮಾಡು’ ವಿಷಯ ಚೆನ್ನಾಗಿತ್ತು. ಉಳಿದಿದ್ದು ತಲೆಗೆ ಹತ್ತಲಿಲ್ಲ.”

ಪ್ರೊಫೆಸರು ತಲೆ ತಗ್ಗಿಸಿದರು. “ಮೂರು ಅಧ್ಯಾಯ” ಎಂದು ತಮಗೆ ತಾವೇ ಹೇಳಿಕೊಂಡರು. “ನನ್ನ ಶಿಷ್ಯರು ಎರಡು ದಾಟಿದ್ದಿಲ್ಲ.”

ಆಗ ಒಂದು ಸದ್ದಾಯಿತು. ಇಕುಯೊ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದರು, ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾರೆಂದು ತಮಾಯೆ ಕರವಸ್ತ್ರ ತೆಗೆದಳು. ಅಳುವಲ್ಲ, ನಗು. ಈ ಸಲ ಕಣ್ಣಲ್ಲಿ ನೀರು ಬರುವಂಥ ನಗು.

“ನುಕಾದಾ ಅವ್ರೇ” ಎಂದರು ಆಕೆ ಕಣ್ಣೊರೆಸಿಕೊಂಡು. “ನಿಮ್ಮನೇಲಿ ಊಟಕ್ಕೆ ಕೂತಾಗ ಏನ್ ಮಾತಾಡ್ತೀರಿ?”

“ಊಟದ ವಿಷಯ ಅಮ್ಮಾವ್ರೇ.”

“ಇನ್ನೇನೂ ಇಲ್ವಾ?”

“ಚಳಿ ಜಾಸ್ತಿ ಇದ್ರೆ, ಚಳಿ ಜಾಸ್ತಿ ಇದೆ ಅಂತೀವಿ.”

ಇಕುಯೊ ಎರಡೂ ಕೈಗಳನ್ನು ಚಾಪೆಯ ಮೇಲೂರಿ, ಹಣೆ ತಾಗುವಷ್ಟು ಬಾಗಿದರು. “ನಮ್ಮ ಹುಡುಗನನ್ನ ನಿಮ್ಮ ಮಗಳ ಕೈಗೆ ಒಪ್ಪಿಸ್ತಿದೀನಿ. ಯೋಚನೆ ಮಾಡೋದೇನೂ ಉಳಿದಿಲ್ಲ. ಹುಡುಗಿ ಬಂಗಾರದಂಥವಳು ಅಂತ ಮೊದಲಿಂದ ಗೊತ್ತಿತ್ತು. ಆದ್ರೆ ಎಲ್ಲೋ ಇವರಂಥವರೇ ಇನ್ನೊಬ್ಬರು ಗಂಟುಬಿದ್ರೆ ಅನ್ನೋ ಹೆದರಿಕೆ. ನೀವು ಅದನ್ನ ಓದ್ತೀರಂತೆ ಅಂತ ಕೇಳಿದ್ಮೇಲಂತೂ ನಂಗೆ ನಿದ್ದೆ ಇಲ್ಲ. ಭಾನುವಾರ ಭಾನುವಾರ ನಾನು ನಿಮ್ಮನೆಗೇ ಊಟಕ್ಕೆ ಬರ್ತೀನಿ.”

“ನಾನು?” ಎಂದರು ಪ್ರೊಫೆಸರು.

“ನೀವು ಮನೇಲಿ ಸಂಪುಟ ಬರೀರಿ.”

“ಮೇಷ್ಟ್ರೂ ಬರಲಿ ಅಮ್ಮಾವ್ರೇ” ಎಂದರು ನುಕಾದಾ. “ನಂಗೆ ಅರ್ಥ ಆಗಲ್ಲ, ಆದ್ರೆ ಕಿವಿ ಚೆನ್ನಾಗಿದೆ. ಊಟ ಆದ್ಮೇಲೆ ಕೇಳ್ತೀನಿ.”

ಪ್ರೊಫೆಸರ ಕಣ್ಣಿಗೆ ಬೆಳಕು ಮರಳಿತು. ಕನಾಯೆ ಅದುವರೆಗೆ ತಡೆದದ್ದೆಲ್ಲ ಒಟ್ಟಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ತೋಳು ಹಿಡಿದು, “ಅಷ್ಟು ಜನರೆದುರು ಹಾಗೆ ಹೇಳ್ಕೊಂಡ್ರಲ್ಲಪ್ಪಾ, ನಿಮಗೆ ನಾಚಿಕೆ ಆಗ್ಲಿಲ್ವಾ?” ಎಂದು ಕೇಳಿದಳು.

“ಆಯ್ತಮ್ಮ. ಸತ್ತೇಹೋಗೋಷ್ಟು ಆಯ್ತು” ಎಂದರು ನುಕಾದಾ. “ಆದ್ರೆ ನೀನು ನಕ್ಕು ಬಹಳ ದಿನ ಆಗಿತ್ತು.”

ನಾನು ಮೂಗು ಒರೆಸಿಕೊಂಡೆ. ಶೀತವಾಗಿತ್ತು ಎಂದು ಇಟ್ಟುಕೊಳ್ಳಿ.

ಹೋಟೆಲಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದಾಗ ತಮಾಯೆಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಬೀದಿ ಸಂಘದ ಮಾನ ಹೋಯಿತೆಂದು ಅವಳ ಮೈಯೆಲ್ಲ ಉರಿಯುತ್ತಿತ್ತು. “ಏನೇ ಹೇಳಿ ನುಕಾದಾ ಅವ್ರೇ” ಎಂದಳು, “ನೀವು ಇಂಥ ಜಂಬದ ಮನುಷ್ಯ ಅಂತ ನಾನು ಅಂದ್ಕೊಂಡಿರ್ಲಿಲ್ಲ.”

ನುಕಾದಾ ಒಂದು ಚಪ್ಪಲಿ ಕೈಯಲ್ಲಿ ಹಿಡಿದೇ ಅವಳಿಗೆ ತಲೆಬಾಗಿದರು. “ನಿಜ ಅಮ್ಮಾವ್ರೇ. ನಂಗೆ ಜಂಬ ಸ್ವಲ್ಪ ಜಾಸ್ತಿನೇ.”

ತಮಾಯೆ ಬೀದಿಯ ತಿರುವಿನವರೆಗೂ ಏನನ್ನೋ ಮೆಲುಕು ಹಾಕುತ್ತಾ ಬಂದವಳು, ನಮ್ಮ ಮನೆಯ ಬೀಗ ತೆಗೆಯುವಾಗ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ರೀ, ಕೇಳಿಸ್ಕೊಂಡ್ರಾ? ‘ನಂಗೆ ಜಂಬ ಜಾಸ್ತಿ’ ಅಂತ ತಾವಾಗೇ ಒಪ್ಕೊಂಡ್ರು! ಎಂಥ ವಿನಯ ರೀ ಆ ಮನುಷ್ಯಂದು! ನಂಗಂತೂ ಈಗ ಅನುಮಾನವೇ ಇಲ್ಲ. ವ್ಯಾಕರಣ ಪೂರ್ತಿ ಗೊತ್ತಿದೆ ಅವರಿಗೆ.”